ಎಷ್ಟು ದಿನದ ನೆನಪು ಬೇಕು?

2024ರ ಅಕ್ಟೋಬರ್ ಕೊನೆಯಲ್ಲಿ ದಾವಣಗೆರೆ ಜಿಲ್ಲೆಯ ನ್ಯಾಮತಿಯಲ್ಲಿ ಸ್ಟೇಟ್ ಬ್ಯಾಂಕ್ ಶಾಖೆಗೆ ನುಗ್ಗಿದ ಕಳ್ಳರು 17 ಕಿಲೋಗೂ ಮಿಕ್ಕಿ ಚಿನ್ನ ಹೊತ್ತೊಯ್ದರು. ಹೊರಡುವ ಮುನ್ನ ಎರಡು ಕೆಲಸ ಮುಗಿಸಿದರು. ಪೊಲೀಸ್ ನಾಯಿಯ ಮೂಗು ಕೆಡಲೆಂದು ಖಾರದ ಪುಡಿ ಎರಚಿದರು. ಸಿಸಿಟಿವಿಯ ಚಿತ್ರ ದಾಖಲಾಗುವ ಡಿವಿಆರ್ ಪೆಟ್ಟಿಗೆಯನ್ನು ಚಿನ್ನದ ಜೊತೆಗೇ ಗಂಟು ಕಟ್ಟಿದರು. ಪ್ರಕರಣ ಬಗೆಹರಿಯಲು ಐದು ತಿಂಗಳು ಹಿಡಿಯಿತು. ಚಿನ್ನದ ಬಹುಪಾಲು ಸಿಕ್ಕಿದ್ದು ತಮಿಳುನಾಡಿನ ಉಸಿಲಂಪಟ್ಟಿ ಬಳಿಯ ಒಂದು ಬಾವಿಯಲ್ಲಿ.

ಕ್ಯಾಮೆರಾ ಕೊಳ್ಳುವ ನಮಗಿಂತ ಕಳ್ಳರಿಗೇ ಈ ವಿಷಯ ಚೆನ್ನಾಗಿ ಗೊತ್ತಿತ್ತು. ಗೋಡೆಯ ಮೇಲಿನ ಕಣ್ಣಿಗೆ ಅವರು ಹೆದರಲಿಲ್ಲ, ಮೇಜಿನ ಕೆಳಗಿನ ಪೆಟ್ಟಿಗೆಗೆ ಹೆದರಿದರು. ನಾವಾದರೋ ಅಂಗಡಿಗೆ ಹೋದ ಕೂಡಲೇ ಕೇಳುವುದು ಮೆಗಾಪಿಕ್ಸೆಲ್ ಎಷ್ಟು, ಕ್ಯಾಮೆರಾ ಎಷ್ಟು ಎಂದು. ಪೆಟ್ಟಿಗೆಯ ಮಾತು ಬಿಲ್ ಬರೆಯುವಾಗ ಬರುತ್ತದೆ, ‘ಒಂದು ಟಿಬಿ ಹಾಕಿದ್ದೀನಿ, ಸಾಕು ಸರ್’ ಎಂಬಲ್ಲಿಗೆ ಮುಗಿಯುತ್ತದೆ. ಈ ಅಧ್ಯಾಯದಲ್ಲಿ ಆ ಪೆಟ್ಟಿಗೆಯಿಂದ ಶುರುಮಾಡಿ ಕ್ಯಾಮೆರಾದ ಕಡೆಗೆ ಹಿಂದಕ್ಕೆ ನಡೆಯೋಣ. ಏನನ್ನು ನೆನಪಿಡಬೇಕು, ಎಷ್ಟು ದಿನ, ಎಲ್ಲಿ ಎಂಬುದು ಇತ್ಯರ್ಥವಾದರೆ ಉಳಿದ ಆಯ್ಕೆಗಳು ಹೆಚ್ಚುಕಮ್ಮಿ ತಾವಾಗಿಯೇ ಆಗುತ್ತವೆ.

ಚಿಲಮತ್ತೂರಿನಲ್ಲೊಂದು ಮನೆ

ಲೆಕ್ಕ ಹಾಕಲು ಒಂದು ಮನೆ ಬೇಕು. ಆಂಧ್ರದ ಶ್ರೀ ಸತ್ಯಸಾಯಿ ಜಿಲ್ಲೆಯ ಚಿಲಮತ್ತೂರಿನಲ್ಲಿ ಅದನ್ನು ಕಲ್ಪಿಸಿಕೊಳ್ಳೋಣ. ಹಿಂದೂಪುರದಿಂದ ಹೊರಟು ಲೇಪಾಕ್ಷಿ ದಾಟಿದರೆ ಸಿಗುವ ಮಂಡಲ ಕೇಂದ್ರ ಅದು. ಹತ್ತಿರದ ಕೊಡಿಕೊಂಡದ ಬಳಿ ಬೆಂಗಳೂರು–ಹೈದರಾಬಾದ್ ಹೆದ್ದಾರಿ ಹಾದುಹೋಗುತ್ತದೆ. ಅದನ್ನು ಹಿಡಿದು ದಕ್ಷಿಣಕ್ಕೆ ತುಸು ದೂರ ಬಂದರೆ ಕರ್ನಾಟಕದ ಬಾಗೇಪಲ್ಲಿ. ನಮ್ಮ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತೆಲುಗು. ಮುಂದೆ ಗೇಟು ಮತ್ತು ಜಗಲಿ, ಹಿತ್ತಲಲ್ಲಿ ದನದ ಕೊಟ್ಟಿಗೆ, ಪಕ್ಕದಲ್ಲಿ ರೇಷ್ಮೆ ಹುಳು ಸಾಕುವ ಶೆಡ್ಡು, 300 ಮೀಟರ್ ಆಚೆ ಹೊಲದಲ್ಲಿ ಕೊಳವೆ ಬಾವಿ. ಹಿರಿಯರಿಬ್ಬರು ಮನೆಯಲ್ಲಿ, ಮಕ್ಕಳು ಬೆಂಗಳೂರಿನಲ್ಲಿ. ಮಕ್ಕಳಿಗೆ ಅಪ್ಪ ಅಮ್ಮನ ಚಿಂತೆ, ಅಪ್ಪನಿಗೆ ಪಂಪಿನ ಕೇಬಲ್ಲಿನ ಚಿಂತೆ. ಗೇಟು, ಜಗಲಿ, ಕೊಟ್ಟಿಗೆ, ಶೆಡ್ಡು ಎಂದು ನಾಲ್ಕು ಕ್ಯಾಮೆರಾ ಹಾಕುವುದೆಂದು ತೀರ್ಮಾನವಾಗಿದೆ.

ಒಂದು ಕ್ಯಾಮೆರಾ ಹಿಡಿಯುವ ಮಾಹಿತಿ ಎಷ್ಟು? ಸಾಧಾರಣ 1080 ಗೆರೆಯ ಚಿತ್ರದಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳು, ಅಂದರೆ ಒಟ್ಟು ಸುಮಾರು 20.7 ಲಕ್ಷ. ಪ್ರತಿ ಚುಕ್ಕಿಗೂ ಕೆಂಪು, ಹಸಿರು, ನೀಲಿ ಎಂದು ಮೂರು ಬೈಟ್. ಹೀಗೆ ಒಂದೇ ಒಂದು ಚೌಕಟ್ಟಿಗೆ 6.2 ಮೆಗಾಬೈಟ್. ಸೆಕೆಂಡಿಗೆ 25 ಚೌಕಟ್ಟು ಎಂದರೆ 155 ಮೆಗಾಬೈಟ್. ಇದ್ದದ್ದನ್ನು ಇದ್ದಂತೆ ಬರೆದಿಡುತ್ತ ಹೋದರೆ ಒಂದು ದಿನಕ್ಕೆ 13 ಟೆರಾಬೈಟ್ ದಾಟುತ್ತದೆ. ಅಂಗಡಿಯವನು ಕೊಟ್ಟ ‘ಒಂದು ಟಿಬಿ’ ಡಿಸ್ಕು ಎರಡು ಗಂಟೆಯೊಳಗೆ ತುಂಬಿಹೋಗುತ್ತದೆ. ಅದೂ ಒಂದೇ ಕ್ಯಾಮೆರಾಕ್ಕೆ.

ಹಾಗಿದ್ದೂ ಅದೇ ಡಿಸ್ಕಿನಲ್ಲಿ ನಾಲ್ಕು ಕ್ಯಾಮೆರಾಗಳ ಹನ್ನೊಂದು ದಿನದ ಚಿತ್ರ ಹಿಡಿಯುತ್ತದೆ. ನಡುವೆ ಯಾರೋ ಮಾಹಿತಿಯನ್ನು ಆರುನೂರು ಪಾಲು ಕುಗ್ಗಿಸಿರಬೇಕು. ಆ ಜಾಣ್ಮೆಯ ಒಂದು ಬೇರು ಚಿಲಮತ್ತೂರಿನಿಂದ ಎರಡು ಮೂರು ಗಂಟೆ ಪ್ರಯಾಣದ ದೂರದಲ್ಲೇ ಇದೆ.

ಕೆ.ಆರ್. ಸರ್ಕಲ್ಲಿನಿಂದ ಹೊರಟ ಗಣಿತ

ನಾಸಿರ್ ಅಹ್ಮದ್ ಹುಟ್ಟಿದ್ದು 1940ರಲ್ಲಿ, ಬೆಂಗಳೂರಿನಲ್ಲಿ. ಸರ್ ಎಂ. ವಿಶ್ವೇಶ್ವರಯ್ಯ 1917ರಲ್ಲಿ ಕಟ್ಟಿದ, ಕೆ.ಆರ್. ಸರ್ಕಲ್ಲಿನಲ್ಲಿ ಇಂದಿಗೂ ನಿಂತಿರುವ ಯುವಿಸಿಇ ಕಾಲೇಜಿನಲ್ಲಿ 1961ರಲ್ಲಿ ಎಂಜಿನಿಯರಿಂಗ್ ಪದವಿ ಮುಗಿಸಿ ಅಮೆರಿಕಕ್ಕೆ ಹೋದರು. ಕ್ಯಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮೇಷ್ಟರಾಗಿದ್ದಾಗ, 1972ರಲ್ಲಿ, ಚಿತ್ರಗಳನ್ನು ಕೊಸೈನ್ ಅಲೆಗಳಾಗಿ ಬಿಡಿಸುವ ಒಂದು ವಿಧಾನದ ಮೇಲೆ ಕೆಲಸ ಮಾಡಲು ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಿಂದ ಹಣ ಕೇಳಿದರು. ಆಲೋಚನೆ ತೀರಾ ಸರಳವಾಯಿತೆಂದು ಅರ್ಜಿ ತಿರಸ್ಕೃತವಾಯಿತು. ಅವರು ಬಿಡಲಿಲ್ಲ. 1973ರ ಬೇಸಿಗೆಯಲ್ಲಿ ಸಂಬಳವಿಲ್ಲದೆ ಅದರ ಬೆನ್ನು ಹತ್ತಿದರು. ಶಿಷ್ಯ ಟಿ. ನಟರಾಜನ್ ಮತ್ತು ಗೆಳೆಯ ಕೆ.ಆರ್. ರಾವ್ ಜೊತೆ ಸೇರಿ 1974ರ ಜನವರಿಯಲ್ಲಿ ಒಂದು ಪುಟ್ಟ ಪ್ರಬಂಧ ಪ್ರಕಟಿಸಿದರು. ಅದೇ ‘ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್’, ಚುಟುಕಾಗಿ ಡಿಸಿಟಿ. ನಿಮ್ಮ ಫೋನಿನ ಜೆಪೆಗ್ ಫೋಟೊ, ವಾಟ್ಸ್ಯಾಪಿನ ವಿಡಿಯೊ, ಯೂಟ್ಯೂಬು, ಸಿಸಿಟಿವಿ ಎಲ್ಲಕ್ಕೂ ಅಡಿಪಾಯ ಇದು ಅಥವಾ ಇದರ ಮರಿಗಳು.

ಅದು ಮಾಡುವುದು ಇಷ್ಟು. ಚಿತ್ರವನ್ನು 8ಕ್ಕೆ 8 ಚುಕ್ಕಿಗಳ ಸಣ್ಣ ಚೌಕಗಳಾಗಿ ಕತ್ತರಿಸುತ್ತದೆ. ಒಂದು ಚೌಕದಲ್ಲಿ 64 ಬೆಳಕಿನ ಅಂಕಿಗಳು. ಅವನ್ನು 64 ಅಲೆಗಳ ತೂಕಗಳಾಗಿ ಬದಲಿಸುತ್ತದೆ: ಮೊದಲನೆಯದು ಚೌಕದ ಸರಾಸರಿ ಬೆಳಕು, ಆಮೇಲೆ ನಿಧಾನವಾಗಿ ಏರಿಳಿಯುವ ಅಲೆಗಳು, ಕೊನೆಗೆ ಒತ್ತೊತ್ತಾದ ಸೂಕ್ಷ್ಮ ಅಲೆಗಳು. ಇಲ್ಲಿಯವರೆಗೆ ಏನೂ ಉಳಿತಾಯವಾಗಿಲ್ಲ. 64 ಅಂಕಿ ಹೋಗಿ 64 ಅಂಕಿ ಬಂದಿವೆ. ಆದರೆ ಸುಣ್ಣ ಬಳಿದ ಗೋಡೆ, ಆಕಾಶ, ಅಂಗಳದ ಮಣ್ಣು ಇಂಥವುಗಳಲ್ಲಿ ಮೊದಲ ನಾಲ್ಕಾರು ತೂಕಗಳನ್ನು ಬಿಟ್ಟರೆ ಉಳಿದವೆಲ್ಲ ಸೊನ್ನೆಗೆ ಹತ್ತಿರ. ಸೂಕ್ಷ್ಮ ಅಲೆಗಳಲ್ಲಿನ ಸಣ್ಣ ತಪ್ಪನ್ನು ನಮ್ಮ ಕಣ್ಣು ಗಮನಿಸುವುದೂ ಇಲ್ಲ. ಅವನ್ನು ಸೊನ್ನೆ ಎಂದೇ ಬರೆದುಬಿಟ್ಟರೆ ಕಡತ ಹಗುರಾಗುತ್ತದೆ.

ಎರಡನೆಯ ಉಳಿತಾಯ ಕಾಲದಲ್ಲಿ. ಮಧ್ಯಾಹ್ನ ಮೂರಕ್ಕೆ ನಮ್ಮ ಅಂಗಳದಲ್ಲಿ ಒಂದು ಕೋಳಿ ಬಿಟ್ಟರೆ ಬೇರೇನೂ ಅಲುಗಾಡುತ್ತಿಲ್ಲ. ಕಿರಾಣಿ ಅಂಗಡಿಯ ಖಾತೆ ಪುಸ್ತಕದಲ್ಲಿ ಹಿಂದಿನ ಬಾಕಿಯನ್ನು ಒಮ್ಮೆ ಬರೆದು ಆಮೇಲೆ ಹೊಸ ಸಾಮಾನನ್ನಷ್ಟೇ ಸೇರಿಸುತ್ತ ಹೋಗುವಂತೆ, ಯಂತ್ರವೂ ಕೆಲವು ಸೆಕೆಂಡಿಗೊಮ್ಮೆ ಪೂರ್ಣ ಚಿತ್ರ ಬರೆದು, ನಡುವಿನ ಚೌಕಟ್ಟುಗಳಲ್ಲಿ ಕೋಳಿ ಎಷ್ಟು ಸರಿಯಿತು ಎಂಬುದನ್ನು ಮಾತ್ರ ನಮೂದಿಸುತ್ತದೆ. 2003ರ ಎಚ್.264 ಎಂಬ ಮಾನಕ ಈ ಎರಡು ಉಪಾಯಗಳನ್ನು ಚೆನ್ನಾಗಿ ಹೆಣೆಯಿತು. 2013ರಲ್ಲಿ ಬಂದ ಎಚ್.265 ದೊಡ್ಡ ಚೌಕಗಳನ್ನೂ ಚುರುಕಾದ ಊಹೆಗಳನ್ನೂ ಬಳಸಿ ಹೊರೆಯನ್ನು ಮತ್ತೆ ಹೆಚ್ಚುಕಡಿಮೆ ಅರ್ಧಕ್ಕಿಳಿಸಿತು. ಸೆಕೆಂಡಿಗೆ 4 ಮೆಗಾಬಿಟ್ ಬೇಕಿದ್ದ ಕಡೆ 2 ಸಾಕಾಯಿತು. ಆದ್ದರಿಂದ ಪೆಟ್ಟಿಗೆಯ ಮೇಲೂ ಕ್ಯಾಮೆರಾದ ಮೇಲೂ ಎಚ್.265 ಎಂದು ಬರೆದಿದೆಯೇ ನೋಡಿ. ಎರಡರಲ್ಲಿ ಒಂದಕ್ಕೆ ಆ ಭಾಷೆ ಬಾರದಿದ್ದರೂ ಲಾಭವಿಲ್ಲ.

ಕತ್ತಲಲ್ಲಿ ಸೋಲುವ ಲೆಕ್ಕ

ರಾತ್ರಿ ಈ ಗಣಿತಕ್ಕೆ ಕಷ್ಟಕಾಲ. ಬೆಳಕು ಕಣಕಣವಾಗಿ ಬರುತ್ತದೆ. ಹಗಲಲ್ಲಿ ಒಂದು ಚುಕ್ಕಿಗೆ ಹತ್ತು ಸಾವಿರ ಬೆಳಕಿನ ಕಣ ಬಿದ್ದರೆ ಅದರ ಸಹಜ ಏರುಪೇರು ವರ್ಗಮೂಲದಷ್ಟು, ಅಂದರೆ ನೂರು. ಶೇಕಡ 1 ಮಾತ್ರ. ರಾತ್ರಿ ನೂರೇ ಕಣ ಬಿದ್ದರೆ ಏರುಪೇರು ಹತ್ತು; ಶೇಕಡ 10. ಪರದೆಯ ಮೇಲೆ ಮರಳು ಮಿಸುಕಿದಂತೆ ಕಾಣುವುದು ಇದೇ. ನಿಂತ ಗೋಡೆಯ ಪ್ರತಿ ಚುಕ್ಕಿಯೂ ಪ್ರತಿ ಚೌಕಟ್ಟಿನಲ್ಲೂ ಬದಲಾಗುತ್ತಿರುವಂತೆ ಯಂತ್ರಕ್ಕೆ ಭಾಸವಾಗುತ್ತದೆ. ‘ಬದಲಾದದ್ದನ್ನು ಮಾತ್ರ ಬರೆ’ ಎಂಬ ಉಪಾಯ ಇಲ್ಲಿ ಕೈಕೊಡುತ್ತದೆ. ಸೆಕೆಂಡಿಗೆ ಇಷ್ಟೇ ಬಿಟ್ ಎಂದು ಮಿತಿ ಹಾಕಿದ್ದರೆ ಯಂತ್ರ ಆ ಮಿತಿಯನ್ನೆಲ್ಲ ಮಿಸುಕುವ ಮರಳಿಗೆ ಖರ್ಚು ಮಾಡಿ, ನಿಜವಾಗಿ ಬಂದ ಮನುಷ್ಯನ ಮುಖವನ್ನು ಅಸ್ಪಷ್ಟ ಚೌಕಗಳಾಗಿ ಬರೆದಿಡುತ್ತದೆ. ಕಳ್ಳ ಬರುವ ಹೊತ್ತಿನಲ್ಲೇ ಯಂತ್ರದ ನೆನಪು ಮಬ್ಬಾಗಿರುತ್ತದೆ.

ಮದ್ದು ಡಿಸ್ಕಿನಲ್ಲಿಲ್ಲ, ಬೆಳಕಿನಲ್ಲಿದೆ. ಸಂಜೆಯಾದಾಗ ಕ್ಯಾಮೆರಾದೊಳಗೆ ಸಣ್ಣಗೆ ‘ಟಕ್’ ಎನ್ನುವುದನ್ನು ಕೇಳಿರಬಹುದು. ಅವಕೆಂಪು ಕಿರಣವನ್ನು ತಡೆಯುವ ಗಾಜು ಸರಿಯುವ ಸದ್ದು ಅದು; ಜೊತೆಗೇ ಸುತ್ತಲಿನ ಅವಕೆಂಪು ಎಲ್ಇಡಿಗಳು ಹೊತ್ತಿಕೊಳ್ಳುತ್ತವೆ. ಹೆಚ್ಚಿನವು 850 ನ್ಯಾನೋಮೀಟರ್ ತರಂಗದವು. ಕತ್ತಲಲ್ಲಿ ಮಂಕಾದ ಕೆಂಪಾಗಿ ಕಾಣುತ್ತವೆ. 940ರವು ಕಣ್ಣಿಗೆ ಕಾಣುವುದೇ ಇಲ್ಲ. ಆದರೆ ಸಿಲಿಕಾನ್ ಸಂವೇದಕಕ್ಕೂ ಅವು ಅಷ್ಟಾಗಿ ಕಾಣವು, ವ್ಯಾಪ್ತಿ ಕಡಿಮೆ. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗವಾಗುತ್ತದೆ. ‘30 ಮೀಟರ್ ನೈಟ್ ವಿಷನ್’ ಎಂಬ ಜಾಹೀರಾತನ್ನು ಈ ನಿಯಮ ನೆನಪಿಟ್ಟುಕೊಂಡು ಓದಬೇಕು. ಗೇಟಿನ ಬಳಿ ಒಂದು ಸಾಧಾರಣ ಎಲ್ಇಡಿ ಬಲ್ಬು ಉರಿಯುತ್ತಿದ್ದರೆ ಚಿತ್ರ ಸುಧಾರಿಸುತ್ತದೆ, ಬಣ್ಣ ಉಳಿಯುತ್ತದೆ, ಡಿಸ್ಕಿನ ಹೊರೆಯೂ ಇಳಿಯುತ್ತದೆ.

ಚೌಕಟ್ಟಿನ ವೇಗದ ಬಗ್ಗೆಯೂ ಒಂದು ಮಾತು. ಸೆಕೆಂಡಿಗೆ 25 ಇದ್ದರೆ ಒಳ್ಳೆಯದೆಂದು ಅಂಗಡಿಯವರು ಹೇಳುತ್ತಾರೆ. ನಡೆಯುವ ಮನುಷ್ಯ ಸೆಕೆಂಡಿಗೆ ಸುಮಾರು 1.4 ಮೀಟರ್ ಸಾಗುತ್ತಾನೆ. 15 ಚೌಕಟ್ಟಿದ್ದರೆ ಎರಡು ಚಿತ್ರಗಳ ನಡುವೆ ಆತ ಸರಿಯುವುದು 9 ಸೆಂಟಿಮೀಟರ್; ಮನೆಗೆ ಅಷ್ಟು ಧಾರಾಳ ಸಾಕು. ಮುಖ ಕಲಸಿಹೋಗಲು ಕಾರಣ ಬೇರೆ: ಪ್ರತಿ ಚಿತ್ರಕ್ಕೂ ಶಟರ್ ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದು. ಕತ್ತಲಲ್ಲಿ ಕ್ಯಾಮೆರಾ ಸೆಕೆಂಡಿನ 25ನೇ ಒಂದು ಪಾಲು ಕಣ್ಣು ತೆರೆದೇ ಇಟ್ಟರೆ ನಡೆಯುವವನು ಅಷ್ಟರಲ್ಲಿ ಐದಾರು ಸೆಂಟಿಮೀಟರ್ ಸರಿದಿರುತ್ತಾನೆ. ಗಂಟೆಗೆ 40 ಕಿಲೋಮೀಟರ್ ವೇಗದ ಬೈಕು 44 ಸೆಂಟಿಮೀಟರ್ ಸರಿದಿರುತ್ತದೆ, ಅದರ ನಂಬರ್ ಪ್ಲೇಟು ಒಂದು ಬಿಳಿ ಗೀಟಾಗಿರುತ್ತದೆ. ಇಲ್ಲೂ ಬೇಕಾದದ್ದು ಬೆಳಕೇ.

ಮುಖ ಎಷ್ಟು ದೂರಕ್ಕೆ ಕಂಡೀತು?

ಮೆಗಾಪಿಕ್ಸೆಲ್ಲಿನ ಬೆಲೆ ದೂರದ ಜೊತೆ ಸೇರಿದಾಗಲೇ ತಿಳಿಯುವುದು. ಅಂತರರಾಷ್ಟ್ರೀಯ ಮಾನಕವೊಂದು ಇದನ್ನು ಚೊಕ್ಕವಾಗಿ ಹೇಳುತ್ತದೆ. ಯಾರೋ ಇದ್ದಾರೆ ಎಂದು ತಿಳಿಯಲು ದೃಶ್ಯದ ಒಂದು ಮೀಟರ್ ಅಗಲಕ್ಕೆ 25 ಚುಕ್ಕಿ ಸಾಕು. ಪರಿಚಿತನೇ ಎಂದು ಗುರುತಿಸಲು 125 ಬೇಕು. ಅಪರಿಚಿತನ ಮುಖವನ್ನು ನ್ಯಾಯಾಲಯದಲ್ಲಿ ಒಪ್ಪಿಸುವಷ್ಟು ಸ್ಪಷ್ಟವಾಗಿ ಹಿಡಿಯಲು 250.

ಈಗ ಲೆಕ್ಕ ಸುಲಭ. 1920 ಚುಕ್ಕಿಯನ್ನು 250ರಿಂದ ಭಾಗಿಸಿದರೆ 7.7. ದೃಶ್ಯದ ಅಗಲ 7.7 ಮೀಟರಿಗಿಂತ ಹೆಚ್ಚಾದ ಕಡೆ ಮುಖ ಗುರುತಿಗೆ ಸಿಗದು. ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ 2.8 ಮಿಲಿಮೀಟರ್ ಲೆನ್ಸು ಸುಮಾರು 100 ಡಿಗ್ರಿ ಅಗಲ ನೋಡುತ್ತದೆ. ಅದರಲ್ಲಿ ಈ ಗಡಿ ಬರುವುದು ಮೂರು ಮೀಟರ್ ಚಿಲ್ಲರೆಗೇ. 6 ಮಿಲಿಮೀಟರ್ ಲೆನ್ಸು ಹಾಕಿದರೆ ನೋಟ ಕಿರಿದಾಗುತ್ತದೆ, ಗಡಿ ಎಂಟು ಮೀಟರಿನ ಆಸುಪಾಸಿಗೆ ಹೋಗುತ್ತದೆ. ಕ್ಯಾಮೆರಾ ಅದೇ, ಡಿಸ್ಕಿನ ಹೊರೆಯೂ ಅದೇ. ಹಾಗಾಗಿ ಅಂಗಳಕ್ಕೆ ಅಗಲ ನೋಟ, ಗೇಟಿಗೆ ಕಿರಿದು ನೋಟ. ಎಲ್ಲಕ್ಕೂ ಒಂದೇ ಲೆನ್ಸು ಹಾಕಿದ ಮನೆಗಳಲ್ಲಿ ಕಳವಿನ ಮರುದಿನ ಕಾಣುವುದು ಟೋಪಿ ಹಾಕಿದ ಒಂದು ನೆರಳು. ಎತ್ತರವೂ ಮುಖ್ಯ: ಸೂರಿನಂಚಿಗೆ ಕಟ್ಟಿದ ಕ್ಯಾಮೆರಾ ತಲೆಗೂದಲನ್ನು ಮಾತ್ರ ಹಿಡಿಯುತ್ತದೆ.

ನಾಲ್ಕು ಬಗೆಯ ನೆನಪು

ಇನ್ನು ಪೆಟ್ಟಿಗೆ. ಮಾರುಕಟ್ಟೆಯಲ್ಲಿ ನಾಲ್ಕು ದಾರಿಗಳಿವೆ.

ಡಿವಿಆರ್ ಹಳೆಯ ದಾರಿ. ಕ್ಯಾಮೆರಾ ಚಿತ್ರವನ್ನು ಕೊಯಾಕ್ಸಿಯಲ್ ತಂತಿಯಲ್ಲಿ ಕಳಿಸುತ್ತದೆ, ಕುಗ್ಗಿಸುವ ಕೆಲಸ ಪೆಟ್ಟಿಗೆಯದು. ಬೆಲೆ ಕಡಿಮೆ, ತಂತಿ ಕೆಲವು ನೂರು ಮೀಟರ್ ಓಡುತ್ತದೆ, ಹಿಂದೂಪುರದ ಯಾವ ಮೆಕ್ಯಾನಿಕ್ಕಾದರೂ ರಿಪೇರಿ ಮಾಡಬಲ್ಲ. ಕ್ಯಾಮೆರಾಕ್ಕೆ ಕರೆಂಟಿನ ಬೇರೆ ತಂತಿ ಬೇಕು ಎಂಬುದೊಂದು ರಗಳೆ.

ಎನ್‌ವಿಆರ್‌ನಲ್ಲಿ ಕ್ಯಾಮೆರಾವೇ ಚಿತ್ರ ಕುಗ್ಗಿಸಿ ಜಾಲದ ತಂತಿಯಲ್ಲಿ ಕಳಿಸುತ್ತದೆ. 2003ರಲ್ಲಿ ಮಾನಕವಾದ ‘ಪಿಒಇ’ ವ್ಯವಸ್ಥೆಯಿಂದ ಅದೇ ತಂತಿಯಲ್ಲಿ 15 ವ್ಯಾಟಿನವರೆಗೆ ವಿದ್ಯುತ್ತೂ ಹೋಗುತ್ತದೆ. ಒಂದೇ ತಂತಿ, ಆದರೆ 100 ಮೀಟರ್ ಮಿತಿ. ಹೊಸ ಮನೆ ಕಟ್ಟುವವರು ಗೋಡೆಯೊಳಗೆ ಈ ತಂತಿ ಎಳೆಸಿಟ್ಟರೆ ಮುಂದೆ ಯಾವ ಕ್ಯಾಮೆರಾ ಬಂದರೂ ನಡೆಯುತ್ತದೆ.

ಮೂರನೆಯದು ಕ್ಯಾಮೆರಾದೊಳಗೇ ಕೂರುವ ಮೆಮೊರಿ ಕಾರ್ಡು. ವೈಫೈ ಕ್ಯಾಮೆರಾಗಳ ನೆನಪು ಹೆಚ್ಚಾಗಿ ಇಲ್ಲೇ. 128 ಜಿಬಿ ಕಾರ್ಡಿನಲ್ಲಿ ಒಂದು ಕ್ಯಾಮೆರಾದ ಸುಮಾರು ಆರು ದಿನ ಹಿಡಿಯುತ್ತದೆ. ವರ್ಷಕ್ಕೆ ಅರವತ್ತು ಸಲ ಪೂರ್ತಿ ಅಳಿಸಿ ಬರೆದಂತಾಯಿತು. ಫ್ಲ್ಯಾಶ್ ಕೋಶಗಳಿಗೆ ಅಳಿಸಿ ಬರೆಯುವ ಸಲಗಳು ಎಣಿಕೆಯಷ್ಟೇ ಇರುತ್ತವೆ, ಬಿಸಿಲಿಗೆ ಕಾದ ಡಬ್ಬಿಯೊಳಗೆ ಇನ್ನೂ ಬೇಗ ಸವೆಯುತ್ತವೆ. ಫೋನಿಗೆಂದು ತಂದ ಅಗ್ಗದ ಕಾರ್ಡು ಹಾಕಬಾರದು. ಸತತ ಬರವಣಿಗೆಗೆಂದೇ ‘ಹೈ ಎಂಡ್ಯೂರೆನ್ಸ್’ ಕಾರ್ಡುಗಳಿವೆ. ಕ್ಯಾಮೆರಾ ಕಿತ್ತುಕೊಂಡು ಹೋದರೆ ನೆನಪೂ ಹೋಯಿತು ಎಂಬುದು ಇದರ ದೊಡ್ಡ ಕುಂದು.

ನಾಲ್ಕನೆಯದು ಕ್ಲೌಡ್, ಅಂದರೆ ಇನ್ನೊಬ್ಬರ ಕಟ್ಟಡದಲ್ಲಿರುವ ಡಿಸ್ಕು. ನಾಲ್ಕು ಕ್ಯಾಮೆರಾಗಳನ್ನು ಸತತವಾಗಿ ಕಳಿಸಲು ಸೆಕೆಂಡಿಗೆ 8 ಮೆಗಾಬಿಟ್ ಏರುದಾರಿ ಬೇಕು; ತಿಂಗಳಿಗೆ 2.6 ಟೆರಾಬೈಟ್. ಮನೆಯ ಫೈಬರ್ ಸಂಪರ್ಕಗಳಲ್ಲಿ ‘ಅನ್‌ಲಿಮಿಟೆಡ್’ ಎಂಬುದು ಹೆಚ್ಚಾಗಿ 3.3 ಟೆರಾಬೈಟಿಗೆ ಮುಗಿಯುತ್ತದೆ. ಎಲ್ಲವನ್ನೂ ಮೇಲಕ್ಕೆ ಕಳಿಸಿದರೆ ಅದರ ಬಹುಪಾಲು ಕ್ಯಾಮೆರಾಗಳಿಗೇ ಖರ್ಚಾಗುತ್ತದೆ. ಗೇಟಿನ ಬಳಿ ಮನುಷ್ಯರು ಕಂಡಾಗಿನ ತುಣುಕುಗಳನ್ನು ಮಾತ್ರ ಕಳಿಸಿದರೆ ಖರ್ಚೂ ಹೊರೆಯೂ ತೀರಾ ಕಡಿಮೆ.

ಈ ನಾಲ್ಕರಲ್ಲಿ ಒಂದನ್ನೇ ಆರಿಸಬೇಕೆಂಬ ಕಟ್ಟಳೆಯೇನೂ ಇಲ್ಲ. ನ್ಯಾಮತಿ ಕಲಿಸುವುದು, ನೆನಪು ಒಂದೇ ಕಡೆ ಇರಬಾರದು ಎಂದು. ಎನ್‌ವಿಆರ್ ಜೊತೆಗೆ ಗೇಟಿನ ಕ್ಯಾಮೆರಾದಲ್ಲೊಂದು ಕಾರ್ಡು ಹಾಕಿದರೆ, ಪೆಟ್ಟಿಗೆ ಹೋದರೂ ಕಾರ್ಡು ಉಳಿಯುತ್ತದೆ, ಕ್ಯಾಮೆರಾ ಹೋದರೂ ಪೆಟ್ಟಿಗೆ ಉಳಿಯುತ್ತದೆ. ಪೆಟ್ಟಿಗೆಯನ್ನು ಟಿವಿ ಸ್ಟ್ಯಾಂಡಿನ ಮೇಲೆ ಪ್ರದರ್ಶನಕ್ಕಿಡುವ ಬದಲು ಒಳಕೋಣೆಯ ಗಾಳಿಯಾಡುವ ಕಪಾಟಿನಲ್ಲಿ ಬೀಗ ಹಾಕಿಡಿ. ತಗಡಿನ ಅಟ್ಟ ಬೇಡ. ಡಿಸ್ಕುಗಳಿಗೆ 60 ಡಿಗ್ರಿಯ ಆಸುಪಾಸಿಗೆ ಮಿತಿ ಮುಗಿಯುತ್ತದೆ, ಏಪ್ರಿಲ್ ತಿಂಗಳ ತಗಡಿನಡಿ ಅದೇನೂ ದೂರದ ಅಂಕಿಯಲ್ಲ.

300 ಮೀಟರ್ ಆಚೆಯ ಕೊಳವೆ ಬಾವಿಗೆ ಸಿಮ್ ಹಾಕಿದ, ಸೌರಫಲಕದ ಕ್ಯಾಮೆರಾ ಹಾಕುವುದು ಈಗಿನ ರೂಢಿ. ಬ್ಯಾಟರಿ ಉಳಿಸಲು ಅದು ಸದಾ ನಿದ್ದೆಯಲ್ಲಿರುತ್ತದೆ. ಮೈಯ ಬಿಸಿ ಹೊಮ್ಮಿಸುವ ಅವಕೆಂಪು ಬದಲಾದಾಗ ಒಂದು ಸಣ್ಣ ಸಂವೇದಕ ಅದನ್ನು ತಟ್ಟಿ ಎಬ್ಬಿಸುತ್ತದೆ. ಸಂವೇದಕಕ್ಕೆ ಕಾಣುವುದು ಮೈಗೂ ಹಿನ್ನೆಲೆಗೂ ಇರುವ ಬಿಸಿಯ ವ್ಯತ್ಯಾಸ. ನಮ್ಮ ಚರ್ಮದ ಉಷ್ಣತೆ 34 ಡಿಗ್ರಿಯ ಆಚೀಚೆ. ಬೇಸಿಗೆಯ ಬೆಳಿಗ್ಗೆ ಕಳೆದು ಗಾಳಿ, ನೆಲ, ಬಂಡೆ ಎಲ್ಲ ಅಷ್ಟೇ ಬಿಸಿಯಾದ ಹೊತ್ತಿನಲ್ಲಿ ಮನುಷ್ಯ ಸಂವೇದಕದ ಪಾಲಿಗೆ ಕರಗಿಹೋಗುತ್ತಾನೆ. ರಾಯಲಸೀಮೆಯ ಬಯಲಿನಲ್ಲಿ ಇಂಥ ಕ್ಯಾಮೆರಾ ರಾತ್ರಿಗಿಂತ ಹಗಲಲ್ಲಿ ಹೆಚ್ಚು ಕುರುಡು. ಅದನ್ನು ಪಂಪಿನ ಕಾವಲಿಗೆ ನೆಚ್ಚಿಕೊಳ್ಳುವ ಮುನ್ನ ಮಧ್ಯಾಹ್ನದ ಬಿಸಿಲಲ್ಲಿ ಒಮ್ಮೆ ಅದರ ಮುಂದೆ ನಡೆದು ನೋಡಬೇಕು.

ದಿನಗಳ ಲೆಕ್ಕ

ಸೆಕೆಂಡಿಗೆ 2 ಮೆಗಾಬಿಟ್ ಎಂದರೆ ದಿನಕ್ಕೆ 21.6 ಗಿಗಾಬೈಟ್. ನಾಲ್ಕು ಕ್ಯಾಮೆರಾಕ್ಕೆ 86.4. ಒಂದು ಟಿಬಿಯಲ್ಲಿ ಹನ್ನೊಂದು ದಿನ, ಎರಡರಲ್ಲಿ ಇಪ್ಪತ್ತಮೂರು, ನಾಲ್ಕರಲ್ಲಿ ನಲವತ್ತಾರು. ಡಿಸ್ಕು ತುಂಬಿದ ಮೇಲೆ ಹಳೆಯ ದಿನದ ಮೇಲೆ ಹೊಸ ದಿನ ಬರೆದುಕೊಳ್ಳುತ್ತದೆ. ಹಾಗೆ ಅಳಿದದ್ದನ್ನು ಮತ್ತೆ ಯಾರೂ ತೆಗೆದುಕೊಡಲಾರರು.

ಎಷ್ಟು ದಿನ ಬೇಕು? ಪೊಲೀಸ್ ಠಾಣೆಗಳಿಗೆ ಸುಪ್ರೀಂ ಕೋರ್ಟ್ 2020ರ ಡಿಸೆಂಬರಿನಲ್ಲಿ 18 ತಿಂಗಳ ನೆನಪನ್ನು ವಿಧಿಸಿತು, ಅದು ಸಾಧ್ಯವಾಗದ ಕಡೆ ಕನಿಷ್ಠ ಒಂದು ವರ್ಷ. ಅಲ್ಲಿ ದೂರು ಕೊಡಬೇಕಾದವನು ಬಂಧನದಲ್ಲಿರಬಹುದು, ಬಾಯಿಬಿಡಲು ತಿಂಗಳುಗಳೇ ಬೇಕಾಗಬಹುದು. ಮನೆಯ ಲೆಕ್ಕ ಬೇರೆ. ಏನಾದರೂ ನಡೆದದ್ದು ನಿಮಗೆ ಗೊತ್ತಾಗಲು ಗರಿಷ್ಠ ಎಷ್ಟು ದಿನ ಹಿಡಿದೀತು? ಮನೆಗೆ ಬೀಗ ಹಾಕಿ ಯಾತ್ರೆಗೆ ಹೋದರೆ ಹತ್ತು ದಿನ ಎನ್ನೋಣ. ದೂರು ಕೊಟ್ಟು, ಚಿತ್ರ ತೆಗೆದುಕೊಳ್ಳಲು ಇನ್ನೊಂದು ವಾರ. ಹದಿನೇಳು. ಆದ್ದರಿಂದ ಒಂದು ಟಿಬಿ ಸಾಲದು, ಎರಡು ಟಿಬಿ ಸಾಕು. ನಾಲ್ಕು ಟಿಬಿಗೆ ಕೊಡುವ ಹಣವನ್ನು ಗೇಟಿನ ಲೆನ್ಸಿಗೂ ಬಲ್ಬಿಗೂ ಹಾಕಿದರೆ ಹೆಚ್ಚು ಸಾರ್ಥಕ.

ಚಲನೆ ಕಂಡಾಗ ಮಾತ್ರ ಬರೆಯುವಂತೆ ಮಾಡಿ ದಿನಗಳನ್ನು ಹಿಗ್ಗಿಸಬಹುದು. ಆದರೆ ಅವಕೆಂಪು ದೀಪದೆದುರು ಬಲೆ ಕಟ್ಟಿದ ಜೇಡ ಗಾಳಿಗೆ ಓಲಾಡಿದರೆ ಯಂತ್ರಕ್ಕೆ ಅದೂ ಚಲನೆಯೇ. ಕೊಟ್ಟಿಗೆ, ಶೆಡ್ಡುಗಳಿಗೆ ಚಲನೆಯ ಬರಹ ಸಾಕು. ಗೇಟು ಸತತವಾಗಿ ಬರೆಯುತ್ತಿರಲಿ. ಡಿಸ್ಕನ್ನು ಕೊಳ್ಳುವಾಗ ಹಗಲಿರುಳು ಬರೆಯಲೆಂದೇ ತಯಾರಿಸಿದ ಕಣ್ಗಾವಲು ಡಿಸ್ಕು ಕೇಳಿ. ವರ್ಷಕ್ಕೆ 180 ಟೆರಾಬೈಟ್ ಹೊರೆ ತಾಳುತ್ತವೆಂಬ ಭರವಸೆ ಅವಕ್ಕೆ ಸಾಮಾನ್ಯ. ನಮ್ಮ ಮನೆಯ ಹೊರೆ 32 ದಾಟದು.

ಕರೆಂಟಿನ ಮಾತು ಇನ್ನೂ ಸರಳ. ಪೆಟ್ಟಿಗೆಗೆ 15 ವ್ಯಾಟ್, ಕ್ಯಾಮೆರಾಗಳಿಗೆ ತಲಾ 5 ಎಂದುಕೊಂಡರೆ ಒಟ್ಟು 35. ಮನೆಯಲ್ಲಿರುವ 150 ಆಂಪಿಯರ್-ಗಂಟೆಯ ಇನ್ವರ್ಟರ್ ಬ್ಯಾಟರಿ ಇದನ್ನು ಒಂದು ಇಡೀ ದಿನ ಹೊರಬಲ್ಲದು. ಆದರೆ ಇಂಟರ್ನೆಟ್ ರೂಟರನ್ನು ಇನ್ವರ್ಟರಿಗೆ ಜೋಡಿಸಲು ಎಷ್ಟೋ ಮನೆಗಳಲ್ಲಿ ಮರೆತಿರುತ್ತಾರೆ. ಲೈನು ಹೋದಾಗ ಪೆಟ್ಟಿಗೆ ಬರೆಯುತ್ತಿರುತ್ತದೆ, ಬೆಂಗಳೂರಿನ ಮಕ್ಕಳ ಫೋನಿಗೆ ಮಾತ್ರ ಏನೂ ಬರುವುದಿಲ್ಲ.

ಕೀಲಿ ಯಾರ ಕೈಯಲ್ಲಿ?

2016ರ ಅಕ್ಟೋಬರ್ 21ರಂದು ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಮುಂತಾದ ತಾಣಗಳು ಗಂಟೆಗಟ್ಟಲೆ ತೆರೆಯದೆ ಹೋದವು. ಅವುಗಳ ವಿಳಾಸ ಹುಡುಕಿಕೊಡುವ ಡೈನ್ ಎಂಬ ಕಂಪನಿಯ ಮೇಲೆ ದಾಳಿ ಮಾಡಿದ ದಂಡಿನಲ್ಲಿ ದೊಡ್ಡ ಪಾಲು ಮನೆ ಅಂಗಡಿಗಳ ಸಾಧಾರಣ ಕ್ಯಾಮೆರಾ, ಡಿವಿಆರ್‌ಗಳದು. ಮಿರಾಯ್ ಎಂಬ ಕುತಂತ್ರಾಂಶ ಅವುಗಳ ಬಾಗಿಲು ತೆರೆಯಲು ಬಳಸಿದ್ದು ಕಾರ್ಖಾನೆಯಲ್ಲೇ ಇಟ್ಟ ಅರವತ್ತು ಚಿಲ್ಲರೆ ಹೆಸರು-ಗುಪ್ತಪದಗಳ ಪಟ್ಟಿ. ಯಾರೂ ಅವನ್ನು ಬದಲಿಸಿರಲಿಲ್ಲ, ಅಷ್ಟೇ.

ಭಾರತ ಸರ್ಕಾರ 2024ರ ಏಪ್ರಿಲಿನಲ್ಲಿ ಸಿಸಿಟಿವಿ ಕ್ಯಾಮೆರಾಗಳ ಭದ್ರತೆಗೆ ಅವಶ್ಯ ನಿಯಮಗಳನ್ನು ಅಧಿಸೂಚಿಸಿತು. 2025ರ ಏಪ್ರಿಲಿನಿಂದ ಪರೀಕ್ಷೆ ಪಾಸಾಗದ ಮಾದರಿಗಳನ್ನು ಮಾರುವಂತಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಗಲ್ಲಿಯಲ್ಲಿ ಅರ್ಧ ಬೆಲೆಗೆ ಸಿಗುವ ಹೆಸರಿಲ್ಲದ ಡಬ್ಬಿ ಆ ನಿಯಮಕ್ಕೆ ಮುಂಚಿನ ದಾಸ್ತಾನೇ ಎಂದು ಕೇಳುವುದು ಗಿರಾಕಿಯ ಕೆಲಸ. ಮನೆಗೆ ತಂದ ಮೇಲೆ ಗುಪ್ತಪದ ಬದಲಿಸುವುದು, ಮೆಕ್ಯಾನಿಕ್ಕಿನ ಫೋನಿನಲ್ಲಿರುವ ಆ್ಯಪಿನಿಂದ ನಿಮ್ಮ ಮನೆಯನ್ನು ತೆಗೆಸುವುದು ಮನೆಯವರದು. ಎರಡನೆಯದನ್ನು ಸಂಕೋಚದಿಂದ ಬಿಟ್ಟವರೇ ಹೆಚ್ಚು.

ನೆನಪು ಸಾಕ್ಷಿಯಾಗಬೇಕಾದರೆ

ಪೆಟ್ಟಿಗೆಯೊಳಗಿನ ಗಡಿಯಾರ ಸೆಕೆಂಡಿಗೆ 32,768 ಸಲ ಕಂಪಿಸುವ ಸ್ಫಟಿಕದ ಮೇಲೆ ನಡೆಯುತ್ತದೆ. ಹತ್ತು ಲಕ್ಷಕ್ಕೆ 20ರ ತಪ್ಪು ಅದಕ್ಕೆ ಸಹಜ. ದಿನಕ್ಕೆ 1.7 ಸೆಕೆಂಡು, ವರ್ಷಕ್ಕೆ ಹತ್ತು ನಿಮಿಷ. ಚಿಲಮತ್ತೂರಿನಂಥ ಗಡಿಯೂರಲ್ಲಿ ಇದು ಸಣ್ಣ ಮಾತಲ್ಲ. ನಿಮ್ಮ ಗೇಟು ದಾಟಿದ ಬೈಕು ಸ್ವಲ್ಪ ಹೊತ್ತಿನಲ್ಲೇ ಬಾಗೇಪಲ್ಲಿಯ ಟೋಲ್ ಬಳಿ, ಇನ್ನೊಂದು ರಾಜ್ಯದ ಪೊಲೀಸರ ವ್ಯಾಪ್ತಿಯಲ್ಲಿರುತ್ತದೆ. ಎರಡು ಕಡೆಯ ಚಿತ್ರಗಳನ್ನು ಹೊಂದಿಸುವುದು ಸಮಯದ ಮೇಲೆ. ಹತ್ತು ನಿಮಿಷ ತಪ್ಪಿದರೆ ಆ ಹೊತ್ತಿಗೆ ದಾಟಿದ ನೂರಾರು ಗಾಡಿಗಳಲ್ಲಿ ತಪ್ಪು ಗಾಡಿಯ ಬೆನ್ನು ಹತ್ತಬೇಕಾದೀತು. ಇಂಟರ್ನೆಟ್ ಸಮಯಕ್ಕೆ ಪೆಟ್ಟಿಗೆಯನ್ನು ಹೊಂದಿಸುವ ಆಯ್ಕೆ ಮೆನುವಿನಲ್ಲೇ ಇರುತ್ತದೆ. ಒಮ್ಮೆ ಒತ್ತಿದರೆ ಸಾಕು.

ಚಿತ್ರ ನ್ಯಾಯಾಲಯಕ್ಕೆ ಹೋಗಬೇಕಾದರೆ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಕಡತದ ‘ಹ್ಯಾಶ್’ ಅಂಕಿಯನ್ನು ಅದರಲ್ಲಿ ಬರೆಯಬೇಕು. ಎಸ್‌ಎಚ್‌ಎ-256ರಂಥ ಸೂತ್ರ ಎಷ್ಟೇ ದೊಡ್ಡ ಕಡತದಿಂದಲೂ 256 ಬಿಟ್ಟಿನ ಒಂದು ಗುರುತು ತೆಗೆಯುತ್ತದೆ. ಕಡತದಲ್ಲಿ ಒಂದೇ ಬಿಟ್ ಬದಲಾದರೂ ಗುರುತು ಪೂರ್ತಿ ಬೇರೆಯಾಗುತ್ತದೆ. ಪರದೆಯ ಮೇಲೆ ಓಡುವ ಚಿತ್ರವನ್ನು ಫೋನಿನಲ್ಲಿ ಚಿತ್ರೀಕರಿಸಿ ವಾಟ್ಸ್ಯಾಪಿಗೆ ಹಾಕಿದರೆ ಊರಿಗೆಲ್ಲ ಸುದ್ದಿಯಾಗುತ್ತದೆ, ಆದರೆ ಆ ಗುರುತು ಉಳಿಯುವುದಿಲ್ಲ. ಪೆಟ್ಟಿಗೆಯಿಂದ ನೇರವಾಗಿ ಪೆನ್‌ಡ್ರೈವಿಗೆ ಮೂಲ ಕಡತ ಇಳಿಸುವುದನ್ನು ಕಳ್ಳತನ ಆಗುವ ಮೊದಲೇ ಮನೆಯ ಒಬ್ಬರು ಕಲಿತಿರಬೇಕು.

ಪಕ್ಕದ ಮನೆಯ ಬಾಗಿಲು

ನಮ್ಮ ಗೇಟಿನ ಕ್ಯಾಮೆರಾಕ್ಕೆ ಎದುರು ಮನೆಯ ಬಾಗಿಲೂ ಕಾಣುತ್ತದೆ. ಆ ಮನೆಗೆ ಯಾರು ಎಷ್ಟು ಹೊತ್ತಿಗೆ ಬಂದರು, ಮಗಳು ಯಾರ ಬೈಕಿನಿಂದ ಇಳಿದಳು ಎಂಬುದೆಲ್ಲ ನಮ್ಮ ಡಿಸ್ಕಿನಲ್ಲಿ ಸೇರುತ್ತಿರುತ್ತದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಹೇಳಿದರು. ಒಂದೇ ಮನೆಯಲ್ಲಿ ವಾಸಿಸುವ ಅಣ್ಣತಮ್ಮಂದಿರ ವ್ಯಾಜ್ಯವೊಂದರಲ್ಲಿ, ಜೊತೆಗಿರುವವರ ಒಪ್ಪಿಗೆಯಿಲ್ಲದೆ ವಾಸದ ಭಾಗದಲ್ಲಿ ಕ್ಯಾಮೆರಾ ನಡೆಸುವಂತಿಲ್ಲ ಎಂದು ಕಲ್ಕತ್ತಾ ಹೈಕೋರ್ಟ್ 2025ರಲ್ಲಿ ತೀರ್ಪಿತ್ತಿತು.

ಇದಕ್ಕೂ ಯಂತ್ರದಲ್ಲೇ ಉತ್ತರವಿದೆ. ಹೆಚ್ಚಿನ ಕ್ಯಾಮೆರಾಗಳಲ್ಲಿ ‘ಪ್ರೈವೆಸಿ ಮಾಸ್ಕ್’ ಎಂಬ ಸೌಲಭ್ಯವಿದೆ. ಚಿತ್ರದಲ್ಲಿ ಎದುರು ಮನೆಯ ಬಾಗಿಲಿರುವ ಜಾಗವನ್ನು ಕಪ್ಪು ಚೌಕದಿಂದ ಮುಚ್ಚಿದರೆ ಆ ಭಾಗ ದಾಖಲಾಗುವುದೇ ಇಲ್ಲ. ಕಿರಿದು ನೋಟದ ಲೆನ್ಸು ಅರ್ಧ ಕೆಲಸವನ್ನು ಆಗಲೇ ಮಾಡಿರುತ್ತದೆ. ಹದಿನೇಳು ದಿನ ಸಾಕಿದ್ದ ಕಡೆ ತೊಂಬತ್ತು ದಿನ ಕೂಡಿಡದೆ ಇರುವುದು ಉಳಿದರ್ಧವನ್ನು ಮಾಡುತ್ತದೆ.

ಚಿಲಮತ್ತೂರಿನ ಮನೆಯ ಪಟ್ಟಿ ಹೀಗಾಯಿತು: ಪಿಒಇ ಇರುವ ಒಂದು ಎನ್‌ವಿಆರ್, ಎಚ್.265 ಬಲ್ಲ ನಾಲ್ಕು ಕ್ಯಾಮೆರಾ, ಗೇಟಿಗೆ ಕಿರಿದು ಲೆನ್ಸು ಮತ್ತು ಕಾರ್ಡು, ಎರಡು ಟಿಬಿಯ ಕಣ್ಗಾವಲು ಡಿಸ್ಕು, ಇನ್ವರ್ಟರಿಗೆ ಜೋಡಿಸಿದ ರೂಟರು, ಬದಲಿಸಿದ ಗುಪ್ತಪದ, ಸರಿಯಾದ ಗಡಿಯಾರ, ಒಂದು ಬಲ್ಬು. ಬೇರೆ ಮನೆಗೆ ಬೇರೆ ಪಟ್ಟಿ ಬಂದೀತು. ಪ್ರಶ್ನೆಗಳ ಸಾಲು ಅದೇ ಇರಲಿ. ಬೆಂಗಳೂರಿನ ಎಂಜಿನಿಯರನ ಅಲೆಗಳು ಕಣ್ಣಿಗೆ ಬೇಡದ್ದನ್ನು ಬಿಡುತ್ತವೆ, ಡಿಸ್ಕು ಹಳೆಯ ದಿನಗಳನ್ನು ಬಿಡುತ್ತದೆ, ಮಾಸ್ಕು ನೆರೆಮನೆಯನ್ನು ಬಿಡುತ್ತದೆ. ಇಷ್ಟನ್ನೂ ಬಿಟ್ಟ ಮೇಲೆ ಪೆಟ್ಟಿಗೆಯಲ್ಲಿ ಉಳಿಯಬೇಕಾದದ್ದು ಗೇಟಿನ ಬಳಿ ಬಂದವನ ಮುಖ ಮತ್ತು ಸರಿಯಾದ ಸಮಯ. ಅವೆರಡು ಸಿಗುತ್ತವೆಯೇ ಎಂದು ಅಳವಡಿಸಿದ ಮೊದಲ ರಾತ್ರಿಯೇ ನೀವೇ ಗೇಟು ತೆರೆದು ಒಳಬಂದು, ಪೆಟ್ಟಿಗೆಯಲ್ಲಿ ನಿಮ್ಮನ್ನು ಹುಡುಕಿ ನೋಡಿ. ಮೆಕ್ಯಾನಿಕ್ಕಿಗೆ ಉಳಿದ ಹಣ ಕೊಡುವುದು ಆಮೇಲೆ.